ಅಡುಗೆಕಟ್ಟೆಯ ಅರಗು

ಜೀವಮಾನವೆಲ್ಲ ಕಲ್ಲಿನ ಜೊತೆ ಕಳೆದವನು ನಾನು. ಚಪ್ಪಡಿ ಜಾರಿ ಕಾಲಿನ ಮೇಲೆ ಬಿದ್ದದ್ದುಂಟು, ಚಾಣದ ಚೂರು ಸಿಡಿದು ಹುಬ್ಬು ಸೀಳಿದ್ದುಂಟು. ಯಾವುದಕ್ಕೂ ನಾನು ಬೆಚ್ಚಿದವನಲ್ಲ. ಆದರೆ ಸಾಲಿಗ್ರಾಮದ ಒಂದು ಜೈನರ ಮನೆಯಲ್ಲಿ, ನನ್ನ ಕೆಲಸವನ್ನು ಹೊಗಳುತ್ತ ನಿಂತಿದ್ದ ಮುದುಕಿಯೊಬ್ಬರು, ನಾನು ಎರಡು ಮಾತಾಡುವಷ್ಟರಲ್ಲಿ ಅಡುಗೆಕಟ್ಟೆಯ ಮೇಲಿಂದ ಕೈ ಕಿತ್ತುಕೊಂಡು ಗೋಡೆಗೆ ಒರಗಿಬಿಟ್ಟರಲ್ಲ, ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನನ್ನ ಊರು ಮಿರ್ಲೆಯ ಹತ್ತಿರ. ಮೂರನೆಯ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಸೋದರಮಾವನ ಹಿಂದೆ ಕಲ್ಲು ಕೆಲಸಕ್ಕೆ ಹೋದೆ. ಓದು ಬಿಟ್ಟೆನೆಂದು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮೇಷ್ಟರು ಸ್ಲೇಟಿನ ಮೇಲೆ ಬರೆಸಿದ್ದು ಸಂಜೆಗೆ ಅಳಿಸಿಹೋಗುತ್ತದೆ, ನಾನು ಕೊರೆದದ್ದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹುಣಸೂರಿನಿಂದ ಹಿಡಿದು ಸರಗೂರಿನ ತನಕ ನಾನು ಕೂರಿಸಿದ ಹೊಸ್ತಿಲು, ಒರಳು, ಬಚ್ಚಲುಕಲ್ಲು ಇದ್ದವು. ಅದೆಲ್ಲಕ್ಕಿಂತ ಹೆಚ್ಚಾಗಿ ನನಗೆ ಹೆಸರು ತಂದದ್ದು ಮುಕ್ಕಾದ ಕಲ್ಲನ್ನು ಗುರುತು ಸಿಗದ ಹಾಗೆ ಸರಿಮಾಡುವ ಕೆಲಸ.

ಆ ಕೆಲಸದ ಮದ್ದು ಮಾವನದು. ಹುಣಸೂರಿನ ಸಾಬರ ಅಂಗಡಿಯಿಂದ ಅರಗು ತರಬೇಕು. ಸರಗೂರು ಸಂತೆಗೆ ಕಾಡಿನವರು ತರುವ ಜೇನುಮೇಣ ತರಬೇಕು. ಮುಕ್ಕಾದ ಕಲ್ಲಿನದೇ ಚೂರನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮೂರನ್ನೂ ಕರಗಿಸಿ ಕಲಸಬೇಕು. ಮುಕ್ಕಿನ ಜಾಗವನ್ನು ಕೆಂಡದಿಂದ ಬಿಸಿಮಾಡಿ, ಮದ್ದು ತುಂಬಿ, ಆರಿದ ಮೇಲೆ ಉಜ್ಜಿದರೆ ಎಲ್ಲಿ ಒಡೆದಿತ್ತು ಎಂದು ಒಡೆದವನಿಗೂ ತಿಳಿಯುವುದಿಲ್ಲ. ಮಾವ ಸಾಯುವ ಮುಂಚೆ ಹೇಳಿದ್ದು ಒಂದೇ ಮಾತು: "ಮದ್ದಲ್ಲಿ ಏನೈತೆ ಅಂತ ಕಟ್ಕಂಡೋಳ್ಗೂ ಏಳ್ಬ್ಯಾಡ ಕಣ್ಲಾ. ಏಳ್ದ ದಿನ ನಿನ್ ಅನ್ನ ಓಯ್ತು." ಹನ್ನೆರಡು ವರ್ಷ ನಾನು ಬಾಯಿ ಬಿಡಲಿಲ್ಲ. ಒಲೆಯ ಮುಂದೆ ಮದ್ದು ಕಾಯಿಸುವಾಗ ಹೆಂಡತಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. "ಮಾಟ ಮಾಡೋರ ಅಂಗೆ ಆಡ್ತೀರಿ ಬುಡಿ" ಎಂದು ಅವಳು ಅಂಗಳದಿಂದಲೇ ಹಂಗಿಸುತ್ತಿದ್ದಳು.

ಆಗ ನಮ್ಮ ಕಡೆ ಅಡುಗೆಯೆಂದರೆ ನೆಲದ ಮೇಲೆ ಕೂತು ಮಾಡುವುದೇ. ಹೊಳೆ ಉಕ್ಕಿ ಮನೆ ಕಳೆದುಕೊಂಡ ಎಡತೊರೆಯವರಿಗೆ ಹೊಸ ಊರು ಎದ್ದ ಮೇಲೆ, ಅಲ್ಲಿಯ ಒಂದೆರಡು ದೊಡ್ಡ ಮನೆಗಳಲ್ಲಿ ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ, ಮೇಲೆ ಕರಿಕಲ್ಲಿನ ಚಪ್ಪಡಿ ಹಾಸಿ, ನಿಂತುಕೊಂಡು ಅಡುಗೆ ಮಾಡುವುದು ಶುರುವಾಯಿತು. ಅದನ್ನು ನೋಡಿಬಂದ ಸಾಲಿಗ್ರಾಮದ ಆ ಮನೆಯ ಯಜಮಾನರು ತಮ್ಮ ಮನೆಗೂ ಬೇಕೆಂದರು. ಗದ್ದೆ ತೋಟ ಇದ್ದ ಅನುಕೂಲಸ್ಥರು. ತಾಯಿಗೆ ಮಂಡಿ ನೋವು, ಕೂತರೆ ಏಳಲಾಗುತ್ತಿರಲಿಲ್ಲ. ತಾಯಿಗಾಗಿಯೇ ಕಟ್ಟಿಸಿದ ಕಟ್ಟೆ ಅದು. ಕಲ್ಲನ್ನು ಆರಿಸಿ ತಂದವನು ನಾನು, ಕೂರಿಸಿದವನೂ ನಾನೇ.

ವರ್ಷ ಕಳೆಯಿತು. ಒಂದು ದಿನ ಆ ಮನೆಯ ಸೊಸೆಯ, ಎಂದರೆ ಯಜಮಾನರ ಹೆಂಡತಿಯ, ಕೈಯಿಂದ ಒನಕೆ ಜಾರಿ ಚಪ್ಪಡಿಯ ಬಲಮೂಲೆ ಮುಕ್ಕಾಯಿತೆಂದು ಯಜಮಾನರು ಹೇಳಿಕಳಿಸಿದರು. ಹೋಗಿ ನೋಡಿದೆ. ಅಂಗೈ ಅಗಲದ ಚೂರು ಎದ್ದುಹೋಗಿತ್ತು. ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಅವಳಿಗೆ ಕೇಳುವ ಹಾಗೆಯೇ ಅಂದೆ: "ಒನಕೆ ಎತ್ತಾಕಿದ್ರೆ ಯಾವ್ ಕಲ್ ತಡೀತದೆ ಯಜಮಾನ್ರೆ? ಕಲ್ಲಲ್ಲೇನೂ ಐಬಿಲ್ಲ. ಕೈ ಗಟ್ಟಿಯಾಗಿರಬೇಕು." ಯಜಮಾನರು ನಕ್ಕರು. ಅವಳು ನಗಲಿಲ್ಲ. ಯಜಮಾನರ ತಾಯಿ, ಆ ಮುದುಕಮ್ಮ, ಆಗ ತೀರ್ಥಯಾತ್ರೆಗೆ ಹೋಗಿದ್ದರು. ಅವರು ಬರುವುದರೊಳಗೆ ಮದ್ದು ತುಂಬಿದೆ. ಅಷ್ಟಕ್ಕೇ ಬಿಡದೆ ಚಪ್ಪಡಿಯ ಮೈಗೆಲ್ಲ ಮೇಣ ಸವರಿ, ಬಟ್ಟೆಯಲ್ಲಿ ತಿಕ್ಕಿ ಮಿಂಚು ತರಿಸಿದೆ. ಬಗ್ಗಿದರೆ ಮುಖ ಕಾಣುತ್ತಿತ್ತು.

ಮುಂದೆ ಎಂಟು ತಿಂಗಳು ಆ ಕಡೆ ಹೋಗಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ ಮತ್ತೆ ಕರೆ ಬಂತು. ದಿಗಂಬರ ಮುನಿಗಳೊಬ್ಬರು ನಡೆದುಕೊಂಡು ಬರುತ್ತಿದ್ದಾರೆ, ಭೇರ್ಯದ ಹತ್ತಿರ ಇದ್ದಾರೆ, ನಾಡಿದ್ದು ಬೆಳಗ್ಗೆ ಸಾಲಿಗ್ರಾಮದಲ್ಲಿ ಅವರ ಆಹಾರ, ಮನೆಯಲ್ಲಿ ಹೊಸ್ತಿಲ ಪಕ್ಕದ ಕಲ್ಲು ಅಲುಗುತ್ತಿದೆ, ಬಂದು ಗಟ್ಟಿಮಾಡು ಎಂದು. ಹೋದೆ. ಹೊಸ್ತಿಲ ಕೆಲಸ ಅರ್ಧ ಗಳಿಗೆಯದು. ಮುಗಿಸಿ ಕೈ ತೊಳೆಯುವಾಗ ಮುದುಕಮ್ಮ ಒಳಗೆ ಕರೆದರು.

"ಬಾರಪ್ಪ ಮೇಸ್ತ್ರಿ. ಈ ಮೂಲೆ ನೀನೇ ಸರಿಮಾಡಿದ್ದಂತೆ. ನಾನು ಯಾತ್ರೆಯಿಂದ ಬಂದು ಮೂರು ದಿನ ಹುಡುಕಿದೆ ಕಣಪ್ಪ, ಎಲ್ಲಿ ಮುಕ್ಕಾಗಿತ್ತೋ ಕಾಣ್ಲಿಲ್ಲ. ಕಣ್ಣು ಮಂಜು ಅಂದ್ಕಂಡು ಬೆರಳಲ್ಲಿ ಸವರಿ ನೋಡ್ದೆ. ಬೆರಳಿಗೂ ಸಿಗ್ಲಿಲ್ಲ. ಮುನಿಗಳಿಗೆ ಆಹಾರ ಕೊಡ್ಬೇಕು ಅಂತ ನಲವತ್ತು ವರ್ಷದಿಂದ ಕಾದಿದ್ದೀನಿ. ಇಂಥಾ ಕಟ್ಟೆ ಮೇಲೆ ಅಡುಗೆ ಮಾಡಿ ಕೊಡೋದು ನನ್ ಪುಣ್ಯ."

ಅವರು ಅಂಗೈಯಿಂದ ಆ ಮೂಲೆಯನ್ನು, ಹಸುವಿನ ಬೆನ್ನು ಸವರುವ ಹಾಗೆ, ಸವರುತ್ತಿದ್ದರು. ಹನ್ನೆರಡು ವರ್ಷದಲ್ಲಿ ನನ್ನ ಕೆಲಸವನ್ನು ಬೆರಳಿಟ್ಟು ನೋಡಿದವರು ಯಾರೂ ಇರಲಿಲ್ಲ. ಸರಿಯಾದ ಕಲ್ಲನ್ನು ಯಾರು ನೋಡುತ್ತಾರೆ? ಮುಕ್ಕಿದ್ದರೆ ತಾನೆ ನೋಡುವುದು. ನಾನು ಉಬ್ಬಿಹೋದೆ. ಮಾವನ ಮಾತು ಮರೆತೇಹೋಯಿತು.

"ಸುಮ್ಕೆ ಬಂದದ್ದಲ್ಲ ಅಮ್ಮಾರೆ. ಉಣಸೂರಿನ ಚೊಕ್ಕ ಅರಗು, ಕಾಡಿನ ಜೇನುಮೇಣ, ಇದೇ ಕಲ್ಲಿನ ಪುಡಿ. ಮೇಲ್ಗಡೆ ಮಿಂಚು ಐತಲ್ಲ, ಅದೂ ಜೇನುಮೇಣವೇಯ. ಇಡೀ ಮೈಗೆ ಕುಡಿಸಿವ್ನಿ."

ಆಗಲೇ ಅವರು ಕೈ ಕಿತ್ತುಕೊಂಡದ್ದು. ಕಿತ್ತುಕೊಂಡ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಎದೆನೋವೇನೋ ಎಂದು ನಾನು ಗಾಬರಿಯಾಗಿ ಯಜಮಾನರನ್ನು ಕೂಗಿದೆ. ಅವರು ಓಡಿಬಂದರು, ಹಿಂದೆಯೇ ಸೊಸೆ.

"ಇವ್ನು ಏನು ತುಂಬಿದ್ದಾನೆ ಕೇಳು" ಎಂದರು ಮುದುಕಮ್ಮ ಮಗನಿಗೆ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ನಾನು ಮತ್ತೆ ಹೇಳಿದೆ. ಹೇಳುತ್ತ ಹೇಳುತ್ತ ಯಜಮಾನರ ಮುಖವೂ ಸುಣ್ಣವಾಯಿತು. ನನಗೆ ಇನ್ನೂ ಅರ್ಥವಾಗಿರಲಿಲ್ಲ. ಜೇನು ಜೈನರಿಗೆ ಆಗದು ಎಂದು ಎಲ್ಲೋ ಕೇಳಿದ್ದೆ. ಆದರೆ ಕಲ್ಲಿಗೆ ಹಚ್ಚಿದ ಮೇಣ ಯಾರ ಹೊಟ್ಟೆಗೆ ಹೋಗುತ್ತದೆ ಎಂದು ನನ್ನ ಲೆಕ್ಕ.

"ಅಮ್ಮಾರೆ, ಮೇಣ ಬುಡಿ, ಉಜ್ಜಿ ತಗೀತೀನಿ. ಅರಗು ಮರದ ಅಂಟು ತಾನೆ? ಅದ್ರಲ್ಲೇನು?"

"ಮರದ ಅಂಟು ಅಂತ ಯಾರಪ್ಪ ನಿಂಗೆ ಹೇಳ್ದೋರು? ಒಂದೊಂದು ಕೊಂಬೆ ಮೇಲೆ ಸಾವಿರ ಸಾವಿರ ಹುಳ ಕೂತು, ತಮ್ಮ ಮೈಯಿಂದ ಸುರಿಸಿ ಕಟ್ಕೊಳ್ಳೋ ಮನೆ ಅದು. ಅದನ್ನ ಒಳಗಿರೋ ಹುಳದ ಸಮೇತ ಕೆರೆದು ಬೇಯಿಸ್ತಾರೆ. ಅದರ ವ್ಯಾಪಾರಾನೂ ಮಾಡ್ಬಾರ್ದು ಅಂತ ನಮ್ಮಲ್ಲಿ ಕಟ್ಟು. ಎಂಟು ತಿಂಗಳು... ಎಂಟು ತಿಂಗಳು ಅದ್ರ ಮೇಲೆ ತರಕಾರಿ ಹೆಚ್ಚಿದ್ದೀನಿ. ಅದ್ರ ಮೇಲೆ ಇಟ್ಟ ಅನ್ನ ಉಂಡಿದ್ದೀನಿ."

ನಾನು ಅಲ್ಲೇ ಕುಕ್ಕರಿಸಿದೆ. ಹನ್ನೆರಡು ವರ್ಷ ಕೈಯಲ್ಲಿ ಹಿಡಿದು, ಮೂಸಿ, ಕರಗಿಸಿ, ಉಗುರಿನಿಂದ ಕೆರೆದು ನೋಡಿದ ವಸ್ತು. ಅದು ಏನೆಂದು ನನಗೇ ಗೊತ್ತಿರಲಿಲ್ಲ. ಅರಗನ್ನು ಕಾಯಿಸುವಾಗ ಬರುವ ಒಂದು ಬಗೆಯ ವಾಸನೆ ಇದೆ. ಅದು ಯಾತರದೆಂದು ಅವತ್ತು ತಿಳಿಯಿತು.

ಯಜಮಾನರು ಮೆಲ್ಲನೆ ಅಂದರು, "ಅಮ್ಮ, ಗೊತ್ತಿಲ್ದೆ ಆಗಿದ್ದು. ಹೊರಗೆ ಯಾರಿಗೂ ತಿಳಿದಿಲ್ಲ. ನಾಡಿದ್ದು ಕಳೀಲಿ, ಆಮೇಲೆ ಕಲ್ಲೇ ಬದಲಾಯಿಸೋಣ."

"ಮುನಿಗಳು ಬಾಗ್ಲಿಗೆ ಬಂದಾಗ ನಾನು ಬಾಯ್ಬಿಟ್ಟು ಹೇಳ್ಬೇಕಲ್ಲೋ! ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಆಹಾರ ಶುದ್ಧ ಅಂತ. ಹೇಳಿದ್ ಮೇಲೇ ಅವ್ರು ಒಳಗೆ ಕಾಲಿಡೋದು. ಸುಳ್ಳು ಹೇಳಿ ಅವ್ರ ಕೈಗೆ ತುತ್ತು ಹಾಕ್ಲಾ?"

"ಹಾಗಾದ್ರೆ ತೊಟ್ಟಿ ಪಕ್ಕದಲ್ಲಿ ಬೇರೆ ಒಲೆ ಹೂಡಿಸ್ತೀನಿ. ಹೊಸ ಪಾತ್ರೆ ತರಿಸ್ತೀನಿ."

"ಅವ್ರಿಗೇ ಅಂತ ಬೇರೆ ಅಡುಗೆ ಮಾಡ್ಬಾರ್ದು. ನಾವು ದಿನಾ ಉಣ್ಣೋ ಅಡುಗೇಲಿ ಒಂದು ಪಾಲು ಕೊಡ್ಬೇಕು. ನಮ್ಮ ಅಡುಗೆಮನೆ ಹೊಲಸಾಗಿದ್ರೆ ನಾನು ಕೊಡೋ ಹಾಗೇ ಇಲ್ಲ. ಬಾಗ್ಲು ಹಾಕ್ಕೊಂಡು ಒಳಗೆ ಕೂತ್ಕೋತೀನಿ."

ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಾನು ಮೈ ಗಟ್ಟಿ ಮಾಡಿಕೊಂಡೆ. ಬೈದಿದ್ದರೆ ಎದುರಾಡುತ್ತಿದ್ದೆನೋ ಏನೋ, ನನ್ನ ಸ್ವಭಾವ ಅಂಥದು. ಅವರು ಬೈಯಲಿಲ್ಲ. "ನೀನೇನು ಮಾಡ್ತೀಯಪ್ಪ. ಅಷ್ಟು ಚೆನ್ನಾಗಿದೆ ಅಂತ ಸವರಿದ್ನೇ ಹೊರತು, ಏನು ತುಂಬಿದ್ದೀಯ ಅಂತ ನಾನು ಕೇಳ್ಲಿಲ್ಲ" ಎಂದರು. ಕೇಳಿದ್ದರೆ ತಾನೆ ನಾನು ಹೇಳುತ್ತಿದ್ದೆನೆ?

"ಎರಡು ದಿನ ಐತೆ ಅಮ್ಮಾರೆ. ತುಂಬಿರೋದೆಲ್ಲ ಕಿತ್ತಾಕಿ ಗಾರೆ ಹಾಕ್ಬುಡ್ತೀನಿ. ಕಲ್ಲಿಗಿಂತ ಗಟ್ಟಿ."

"ಗಾರೆಗೆ ಏನೇನು ಬೆರೆಸ್ತೀಯ?"

ಮೊದಲ ಬಾರಿಗೆ ಒಬ್ಬರು ನನ್ನನ್ನು ಕೇಳಿದ್ದರು. "ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು..." ಎಂದು ಶುರುಮಾಡಿದವನು ನಿಂತುಬಿಟ್ಟೆ.

"ಮತ್ತೆ?"

"ನುಣ್ಣಗೆ ಬರ್ಲಿ ಅಂತ... ಕೋಳಿ ಮೊಟ್ಟೆ ಬಿಳೀದು ಅಮ್ಮಾರೆ."

ಯಜಮಾನರು ಎರಡು ಕೈಯಲ್ಲಿ ತಲೆ ಹಿಡಿದುಕೊಂಡರು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ನನ್ನ ವಿದ್ಯೆಯೆಲ್ಲ ಜೀವ ಹಿಂಡಿ ಮಾಡಿದ್ದೇ ಎಂದು ಆ ಅಡುಗೆಮನೆಯಲ್ಲಿ ನಿಂತು ನನಗೆ ತೋರಿತು.

ಹಾಗಾದರೆ ಉಳಿದದ್ದು ಒಂದೇ ದಾರಿ. ಏನನ್ನೂ ಸೇರಿಸುವುದಲ್ಲ, ತೆಗೆಯುವುದು. ಮುಕ್ಕಿನಲ್ಲಿರುವ ಅರಗನ್ನೆಲ್ಲ ಚಾಣದಿಂದ ಕಿತ್ತು, ಮೇಣ ಕುಡಿದ ಮೇಲ್ಮೈಯನ್ನು ಎಳ್ಳುಕಾಳಿನ ದಪ್ಪ ಇಡಿಯಾಗಿ ಕೆತ್ತಿಹಾಕಿ, ಒಳಗಿನ ಹೊಸ ಕಲ್ಲನ್ನು ಹೊರಗೆ ತರಬೇಕು. ಆಳೆತ್ತರದ ಉದ್ದ, ಎರಡು ಗೇಣಿಗೆ ಮೇಲೆ ಅಗಲ, ಕರಿಕಲ್ಲು. ಎರಡು ದಿನ ಬೆಳಕಿದ್ದಷ್ಟು ಹೊತ್ತೂ ಕೈ ನಿಲ್ಲಿಸದೆ ಹೊಡೆದರೆ ಆದೀತು, ಆಗದೆಯೂ ಇದ್ದೀತು. "ಚಪ್ಪಡಿ ಎತ್ತಿಸಿ ಅಂಗಳಕ್ಕೆ ಹಾಕ್ಕೊಡಿ, ನಾಕು ಆಳು ಸಾಕು" ಎಂದೆ. ಮುದುಕಮ್ಮ ಒಪ್ಪಲಿಲ್ಲ. ಕಲ್ಲಿನ ಅಡಿಯಲ್ಲಿ ಇರುವೆ ಗೆದ್ದಲು ಮನೆಮಾಡಿರುತ್ತವೆ, ಎತ್ತಿ ಹಾಕಿದರೆ ಅವು ಸಾಯುತ್ತವೆ, ಇದ್ದಲ್ಲೇ ಮಾಡು ಎಂದರು. "ದೀಪ ಹಚ್ಚಿಕೊಂಡು ರಾತ್ರಿಯೂ ಮಾಡ್ತೀನಿ" ಎಂದೆ. ದೀಪಕ್ಕೆ ಹುಳ ಬಂದು ಬೀಳುತ್ತವೆ, ಹೊತ್ತು ಮುಳುಗಿದ ಮೇಲೆ ಬೇಡ ಎಂದರು. ನನ್ನ ಚೀಲ ಚರ್ಮದ್ದು, ಮಾವನ ಕಾಲದ್ದು. ಅದನ್ನು ಬೀದಿಯ ಜಗಲಿಯ ಮೇಲೇ ಬಿಟ್ಟು, ತಲೆಗೆ ನೀರು ಹುಯ್ದುಕೊಂಡು, ಯಜಮಾನರು ಕೊಟ್ಟ ಒಗೆದ ಪಂಚೆ ಉಟ್ಟು, ಹತಾರುಗಳನ್ನು ತೊಳೆದು ಒಳಗೆ ಹೋದೆ.

ಮೊದಲ ಏಟು ಹಾಕುವಾಗ ಕೈ ಬರಲಿಲ್ಲ. ಮುಖ ಕಾಣುವ ಹಾಗೆ ನಾನೇ ತಿಕ್ಕಿದ ಕಲ್ಲು. ಬಗ್ಗಿದಾಗ ನನ್ನ ಮುಖವೇ ಕಾಣುತ್ತಿತ್ತು. ಅದರ ಮೇಲೆ ಚಾಣ ಇಟ್ಟು ಹೊಡೆದೆ. ಅಲ್ಲಿಂದ ಮುಂದೆ ಕೈ ತಾನೇ ನಡೆಯಿತು. ಕಪ್ಪು ಮಿಂಚಿನ ಮೇಲೆ ಬೂದಿ ಬಣ್ಣದ ಚುಕ್ಕೆ, ಚುಕ್ಕೆಯ ಪಕ್ಕ ಚುಕ್ಕೆ. ಸಂಜೆಯ ಹೊತ್ತಿಗೆ ಮುಕ್ಕಾಲು ಭಾಗ ಬೂದಿ ಬಣ್ಣಕ್ಕೆ ತಿರುಗಿ, ಸಿಡುಬು ಬಂದು ಹೋದ ಮುಖದ ಹಾಗಾಗಿತ್ತು.

ಹೊತ್ತು ಮುಳುಗುತ್ತಲೇ ಹತಾರು ಎತ್ತಿಕೊಂಡು ಹೊರಟಾಗ ಸೊಸೆ ತೊಟ್ಟಿಯ ಕಂಬದ ಹತ್ತಿರ ತಡೆದಳು.

"ಮೇಸ್ತ್ರೀ, ನಾಳೆ ಮುಗಿಯತ್ತಾ?"

"ನೋಡ್ಬೇಕು ತಾಯಿ."

"ನೋಡ್ಬೇಕು ಅನ್ಬೇಡಿ. ಅತ್ತೆ ಇವತ್ತು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಕಲ್ಲು ಶುದ್ಧ ಆಗಿ, ಮುನಿಗಳಿಗೆ ಆಹಾರ ಆದ್ಮೇಲೇ ಅಂತೆ. ಆಗ್ಲಿಲ್ಲ ಅಂದ್ರೆ ಇನ್ನೆಷ್ಟು ದಿನವೋ. ಕಾಯಿಸಿದ ನೀರು ಒಂದ್ಸಲ ಕುಡಿದ್ರು, ಅಷ್ಟೇ. ಎಪ್ಪತ್ತು ದಾಟಿದೆ ಅವ್ರಿಗೆ."

ತಪ್ಪು ನನ್ನದು, ಹಸಿವು ಆ ಮುದುಕಿಯದು. ಅಂಗಳದಲ್ಲಿ ಅವರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಮಧ್ಯಾಹ್ನ ಅದೇ ಮನೆಯ ಹೊರಜಗಲಿಯಲ್ಲಿ ನಾನು ಹೆಂಡತಿ ಕಟ್ಟಿಕೊಟ್ಟ ಮುದ್ದೆಯನ್ನು ಹೊಟ್ಟೆ ತುಂಬ ಉಂಡಿದ್ದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಹನ್ನೆರಡು ವರ್ಷದ ಗುಟ್ಟನ್ನು ಅವಳ ಮುಂದೆ ಬಿಚ್ಚಿದ್ದೂ ಅವತ್ತೇ. ಅವಳು ಕೇಳಿ, "ಅಯ್ಯೋ, ಇಷ್ಟೇನಾ? ನಾನು ಅದ್ಯಾವ್ ಮಂತ್ರವೋ ಅಂದ್ಕಂಡಿದ್ದೆ" ಎಂದಳು. ಆಮೇಲೆ "ಬುತ್ತಿ ಬ್ಯಾಡ್ವಾ ನಾಳೆ?" ಎಂದು ಕೇಳಿದಳು. ಬೇಡ ಎಂದೆ. "ಈಗ ನೀವೂ ಸ್ವಾಮ್ಗೋಳಾಗ್ಬುಟ್ರಾ?" ಎಂದಳೇ ವಿನಾ ಒತ್ತಾಯ ಮಾಡಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಗಿಲಲ್ಲಿದ್ದೆ. ಮಧ್ಯಾಹ್ನದೊಳಗೆ ಮೇಲ್ಮೈ ಪೂರ್ತಿ ಮುಗಿಯಿತು. ಮರಳು ನೀರು ಹಾಕಿ ಉಜ್ಜಿದೆ. ಮುಕ್ಕಿನಲ್ಲಿ ತುಂಬಿದ್ದ ಅರಗನ್ನು ಕಣಕಣವಾಗಿ ಕಿತ್ತೆ. ಗುಳಿ ಬರಿದಾಯಿತು. ಹೊಸ ಕಲ್ಲು ಕಾಣುವ ತನಕ ಗುಳಿಯ ಗೋಡೆಯನ್ನೂ ಕೆರೆದೆ. ಮುಗಿಯಿತು ಎಂದು ನೀರು ಹಾಕಿ ತೊಳೆದು ಬಗ್ಗಿ ನೋಡಿದರೆ, ಗುಳಿಯ ಒಳಬದಿಯಲ್ಲಿ ಒಂದು ಕೆಂಪು ಗೆರೆ. ಕೂದಲೆಳೆಯಷ್ಟು. ಗುಳಿಯಿಂದ ಹೊರಟು ಕಲ್ಲಿನ ಒಳಕ್ಕೆ ಓರೆಯಾಗಿ ಹೋಗಿತ್ತು.

ನೀರನ್ನು ಒರೆಸಿ ಮತ್ತೆ ನೋಡಿದೆ. ಅರಗು ಹಾಗೆ ಕಲ್ಲಿನೊಳಕ್ಕೆ ಹರಿಯಬೇಕಾದರೆ ಅಲ್ಲಿ ಮೊದಲೇ ಬಿರುಕು ಇರಬೇಕು. ಸುತ್ತಿಗೆಯ ಹಿಡಿಯಿಂದ ಆ ಮೂಲೆಯನ್ನು ತಟ್ಟಿದೆ. ಬೇರೆ ಕಡೆ ಗಂಟೆಯ ಹಾಗೆ ಕೇಳುತ್ತಿದ್ದ ಕಲ್ಲು ಅಲ್ಲಿ ಒಡೆದ ಮಡಕೆಯ ಹಾಗೆ ಕೇಳಿತು. ಒನಕೆ ಬಿದ್ದರೆ ಮೂಡುವ ಬಿರುಕಲ್ಲ ಅದು. ನೆಲದೊಳಗಿದ್ದಾಗಲೇ ಕಲ್ಲಿನಲ್ಲಿ ಇದ್ದ ನರ. ತರುವಾಗ ತಟ್ಟಿ ನೋಡಬೇಕಾದವನು ನಾನು. ತಟ್ಟಿದ್ದೆ, ನಡುವಿನಲ್ಲಿ. ಮೂಲೆ ತಟ್ಟಿರಲಿಲ್ಲ.

ಸೊಸೆಯ ಕೈಯಿಂದ ಒನಕೆಯಲ್ಲ, ಒಂದು ಚಮಚ ಬಿದ್ದಿದ್ದರೂ ಆ ಮೂಲೆ ಇಂದಲ್ಲ ನಾಳೆ ಎದ್ದುಬರುತ್ತಿತ್ತು. ಕೈ ಗಟ್ಟಿಯಾಗಿರಬೇಕು ಎಂದು ಅವಳಿಗೆ ಕೇಳುವ ಹಾಗೆ ಹೇಳಿದ್ದೆನಲ್ಲ ನಾನು.

ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದೆ. ಆ ಗೆರೆ ನನಗಲ್ಲದೆ ಬೇರೆ ಯಾರಿಗೂ ಕಾಣುವಂಥದಲ್ಲ. ಮುದುಕಮ್ಮನ ಕಣ್ಣು ಮಂಜು. ಬೆರಳಿಗೆ ಸಿಗುವುದಿಲ್ಲ. ಒಂದಿಷ್ಟು ಕಲ್ಲುಪುಡಿ ಉಜ್ಜಿಬಿಟ್ಟರೆ ಮುಗಿಯಿತು, ಅವರು ಈಗಲೇ ಎದ್ದು ಒಲೆ ಸಾರಿಸಬಹುದು. ಇದನ್ನು ತೆಗೆಯಬೇಕಾದರೆ ನರದ ಉದ್ದಕ್ಕೂ ಹೊಡೆದು ಇಡೀ ಮೂಲೆಯನ್ನೇ ಬೇರೆ ಮಾಡಬೇಕು. ನರ ಹೇಗೆ ತಿರುಗಿದೆಯೋ ಒಳಗೆ ಕಂಡವರಾರು? ಒಂದು ಏಟು ತಪ್ಪಿದರೆ ಚಪ್ಪಡಿ ನಡುವಿಗೆ ಸೀಳಿ ಎರಡು ಹೋಳಾಗುತ್ತದೆ. ನಾಳೆ ಅಡುಗೆಯೂ ಇಲ್ಲ, ಆಹಾರವೂ ಇಲ್ಲ, ಅವರ ಉಪವಾಸಕ್ಕೆ ಕೊನೆಯೂ ಇಲ್ಲ.

ನಾನು ಹೊರಗೆ ಹೋಗಿ ಮೂವರನ್ನೂ ಕರೆದೆ. ಮುದುಕಮ್ಮ ಸೊಸೆಯ ಭುಜ ಹಿಡಿದುಕೊಂಡು ಬಂದರು. ಗೆರೆಯನ್ನು ತೋರಿಸಿದೆ. ಅದು ಏನು, ಹೇಗೆ ಬಂತು, ತಪ್ಪು ಯಾರದು, ಎಲ್ಲ ಹೇಳಿದೆ. ಹೇಳುವಾಗ ಸೊಸೆಯ ಮುಖ ನೋಡಲಾಗದೆ ಕಲ್ಲನ್ನೇ ನೋಡುತ್ತಿದ್ದೆ.

ಮೊದಲು ಮಾತಾಡಿದವಳು ಅವಳೇ. "ಎಂಟು ತಿಂಗಳಿಂದ ನಾನು ಲೋಟ ತೊಳೆದ್ರೂ 'ಜೋಪಾನ' ಅಂತಿದ್ರು ಈ ಮನೇಲಿ. ಕೇಳಿಸ್ತಾ?" ಎಂದಳು ಗಂಡನ ಕಡೆ ತಿರುಗಿ. ಯಜಮಾನರು ಕೆಮ್ಮಿದರು.

"ಹೊಡೆದ್ರೆ ಪೂರಾ ಒಡೆದೋಗೋದೂ ಉಂಟು ಅಮ್ಮಾರೆ. ಬುಟ್ರೆ ಅರಗು ಒಳಗೇ ಉಳೀತದೆ. ಯಾವ್ದು ಅಂತ ನೀವೇ ಏಳಿ" ಎಂದೆ.

ಮುದುಕಮ್ಮ ತಡಮಾಡಲಿಲ್ಲ. "ಹೊಡಿ. ಒಡೆದ್ರೆ ಒಡೆದುಹೋಯ್ತು ಅಂತ ಹೇಳ್ತೀನಿ. ಒಳಗಿದ್ರೆ ಏನಂತ ಹೇಳ್ಲಿ?"

ಕಿಟಕಿಯಿಂದ ಬರುತ್ತಿದ್ದ ಬಿಸಿಲು ಒಲೆಯ ಹಿಂದಿನ ಗೋಡೆ ಏರಿತ್ತು. ಚಪ್ಪಡಿಯ ಅಂಚಿನಿಂದ ಗೆರೆಯ ಮೇಲೆ ಬೆರಳಗಲಕ್ಕೊಂದರಂತೆ ಚಿಕ್ಕ ಗುಳಿ ತೋಡುತ್ತ ಬಂದೆ. ಪ್ರತಿ ಏಟಿಗೂ ಕಿವಿ ಕೊಟ್ಟು ಕೇಳುತ್ತಿದ್ದೆ. ಹಿಂದೆ ಮೂವರೂ ನಿಂತಿದ್ದರು. ಕೊನೆಯ ಗುಳಿಗೆ ಚಾಣ ಇಟ್ಟು, ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದು, ಒಂದೇ ಏಟು ಕೊಟ್ಟೆ. ಕಳಕ್ ಎಂದು ಮೂಲೆ ಬಿಟ್ಟುಕೊಂಡಿತು. ಎಡಗೈಯಲ್ಲಿ ಹಿಡಿದೆ. ತಿರುಗಿಸಿ ನೋಡಿದರೆ ಸೀಳಿದ ಮುಖದ ತುಂಬ ಅರಗಿನ ಕೆಂಪು ಹರಡಿತ್ತು, ಬಡಿದು ಸಾಯಿಸಿದ ಪ್ರಾಣಿಯ ಚರ್ಮ ಸುಲಿದ ಹಾಗೆ. ಸೊಸೆ "ಅಯ್ಯೋ" ಎಂದಳು. ಚಪ್ಪಡಿಯಲ್ಲಿ ಉಳಿದ ಭಾಗವನ್ನು ತಟ್ಟಿದೆ. ಗಂಟೆಯ ಸದ್ದು. ಇನ್ನೊಂದು ಕಡೆ ತಟ್ಟಿದೆ. ಗಂಟೆ. ಮುದುಕಮ್ಮ ಕೈ ಮುಂದೆ ಮಾಡಿದರು, ಸುತ್ತಿಗೆಯನ್ನು ಅವರ ಕೈಗೆ ಕೊಟ್ಟೆ. ಅವರೂ ಒಮ್ಮೆ ತಟ್ಟಿ ಕೇಳಿದರು.

ಅಂಚನ್ನು ಉಜ್ಜಿ ಮುಗಿಸುವಾಗ ಹೊತ್ತು ಮುಳುಗುವುದಕ್ಕೆ ಒಂದು ಗಳಿಗೆ ಇತ್ತು. ಕಿವಿ ಕತ್ತರಿಸಿದ ಹಾಗಿದ್ದ, ಬೂದಿ ಬಣ್ಣದ, ಒರಟು ಚಪ್ಪಡಿ. ನನ್ನ ಕೈಯಿಂದ ಅಷ್ಟು ಅಂದಗೆಟ್ಟ ಕೆಲಸ ಹೊರಗೆ ಬಂದಿರಲಿಲ್ಲ.

ಮೂರನೆಯ ದಿನ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಬೀದಿ ಗುಡಿಸಿತ್ತು. ಜೈನರ ಮನೆಗಳ ಮುಂದೆಲ್ಲ ಗಂಡಹೆಂಡಿರು ಕಲಶ, ತೆಂಗಿನಕಾಯಿ ಹಿಡಿದು ನಿಂತಿದ್ದರು. ನಮ್ಮ ಮುದುಕಮ್ಮ ಮಗ ಸೊಸೆಯ ನಡುವೆ ನಿಂತಿದ್ದರು. ನಾನು ಎದುರುಮನೆಯ ಜಗಲಿಯ ಕಂಬಕ್ಕೆ ಅಂಟಿಕೊಂಡೆ. ಬಸದಿಯ ಕಡೆಯಿಂದ ಮುನಿಗಳು ಬಂದರು. ಮೈಮೇಲೆ ಒಂದೆಳೆ ನೂಲೂ ಇಲ್ಲ. ಕೈಯಲ್ಲಿ ನವಿಲುಗರಿಯ ಕುಂಚ, ಕಮಂಡಲು. ನಾನು ಅಂಥವರನ್ನು ಕಂಡವನಲ್ಲ. ಕಣ್ಣು ತಗ್ಗಿಸಿದೆ, ಮತ್ತೆ ಎತ್ತಿದೆ. ಅವರು ನೆಲ ನೋಡುತ್ತ, ಮುಂದೆ ಯಾವ ಜೀವವೂ ಕಾಲಿಗೆ ಸಿಗದ ಹಾಗೆ ನಡೆಯುತ್ತಿದ್ದರು. ಯಾರೂ ನಾಚಿರಲಿಲ್ಲ. ನಾಚಿದವನು ನಾನೊಬ್ಬನೇ.

ಎಲ್ಲ ಮನೆಯವರೂ "ನಿಲ್ಲಿ ಸ್ವಾಮಿ, ನಿಲ್ಲಿ" ಎಂದು ಕರೆಯುತ್ತಿದ್ದರು. ಅವರು ಮುದುಕಮ್ಮನ ಮನೆಯ ಮುಂದೆಯೂ ನಿಲ್ಲದೆ ದಾಟಿಹೋದರು. ಮುದುಕಮ್ಮ ಸೊಸೆಯ ಭುಜ ಹಿಡಿದುಕೊಂಡದ್ದು ನನಗೆ ಎದುರುಜಗಲಿಗೇ ಕಂಡಿತು. ಮುನಿಗಳು ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಂಡು ಹೊರಟಿರುತ್ತಾರಂತೆ. ಆ ಗುರುತು ಕಂಡ ಮನೆಯಲ್ಲೇ ಆಹಾರ, ಕಾಣದಿದ್ದರೆ ಅವತ್ತು ಉಪವಾಸ. ಗುರುತು ಏನೆಂದು ಯಾರಿಗೂ ಹೇಳುವುದಿಲ್ಲವಂತೆ. ಪ್ರಾಣ ಹೋದರೂ ಹೇಳುವುದಿಲ್ಲ. ಪಕ್ಕದಲ್ಲಿ ನಿಂತಿದ್ದವರು ಅದನ್ನು ಪಿಸುಗುಟ್ಟಿದಾಗ ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ನಾನು ಅನ್ನಕ್ಕಾಗಿ ಗುಟ್ಟು ಇಟ್ಟುಕೊಂಡೆ, ಹೊಗಳಿಕೆಗೆ ಬಿಟ್ಟುಕೊಟ್ಟೆ.

ಬೀದಿಯ ಕೊನೆಯ ತನಕ ಹೋದ ಮುನಿಗಳು ತಿರುಗಿ ಬಂದರು. ಬಂದು, ಮುದುಕಮ್ಮನ ಮನೆಯ ಮುಂದೆ ನಿಂತರು. ಯಾವ ಗುರುತು ಕಂಡಿತೋ ಇಂದಿಗೂ ಗೊತ್ತಿಲ್ಲ. ಮೂವರೂ ಅವರನ್ನು ಪ್ರದಕ್ಷಿಣೆ ಬಂದರು. ಮುದುಕಮ್ಮ ಕೈಮುಗಿದು, ಎರಡು ದಿನದ ಹಸಿದ ಗಂಟಲಿನಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಮನಸ್ಸು ಶುದ್ಧ. ಮಾತು ಶುದ್ಧ. ಕಾಯ ಶುದ್ಧ. ಆಹಾರ ನೀರು ಶುದ್ಧ." ಕೊನೆಯ ಮಾತಿಗೆ ದನಿ ಎಲ್ಲಿಯೂ ತಡೆಯಲಿಲ್ಲ.

ತೊಟ್ಟಿಯ ಆಚೆ ನಿಂತು ನೋಡಲು ಬಿಟ್ಟರು. ಮುನಿಗಳು ನಿಂತುಕೊಂಡು ಎರಡೂ ಅಂಗೈ ಜೋಡಿಸಿ ಹಿಡಿದರು. ಬೀದಿಯವರೆಲ್ಲ ಮುದುಕಮ್ಮನ ಕಡೆ ನೋಡುತ್ತಿದ್ದರು, ನಲವತ್ತು ವರ್ಷ ಕಾದದ್ದು ಅವರೇ. ಅವರು ಅನ್ನದ ಬಟ್ಟಲನ್ನು ಎತ್ತಿ ಸೊಸೆಯ ಕೈಗೆ ಕೊಟ್ಟರು. "ಮೊದಲ ತುತ್ತು ನೀನು ಹಾಕಮ್ಮ" ಎಂದರು. ಸೊಸೆ ಬೆಚ್ಚಿ ಅತ್ತೆಯ ಮುಖ ನೋಡಿದಳು. ಆಮೇಲೆ ಹಾಕಿದಳು. ಒಂದು ಅಗುಳೂ ಕೆಳಗೆ ಬೀಳಲಿಲ್ಲ.

ಮುನಿಗಳು ಹೋದ ಮೇಲೆ ಮುದುಕಮ್ಮ ಉಂಡರು. ಅವರು ಉಣ್ಣುವ ತನಕ ನಾನು ಜಗಲಿಯಲ್ಲೇ ಕೂತಿದ್ದೆ. ಚರ್ಮದ ಚೀಲ ಪಕ್ಕದಲ್ಲಿತ್ತು, ಒಳಗೆ ಕೆಂಪು ಮುಖದ ಆ ಕಲ್ಲಿನ ಚೂರು. ಅಂದಿನಿಂದ ಯಾರ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು ಮದ್ದಿನಲ್ಲಿ ಏನೇನಿದೆ ಎಂದು ಹೇಳುವುದು ನನಗೆ ರೂಢಿಯಾಯಿತು. ಕೆಲವರು ಬೇಡವೆಂದು ಕಳಿಸಿದರು, ಕೆಲವರು ತಾವೇ ಅರಗು ತಂದು ಮಾಡಿಕೊಂಡರು. ಮಾವ ಹೇಳಿದ್ದು ಸುಳ್ಳಾಗಲಿಲ್ಲ.

ಅವತ್ತು ನನಗೆ ಊಟ ತಂದವಳು ಸೊಸೆ. ಬಾಳೆಲೆ ಹಾಸಿ, ನೀರು ಚಿಮುಕಿಸಿ, ಅನ್ನ ಬಡಿಸಿದಳು. ನಾನು ಕೈ ಹಾಕುವುದಕ್ಕೆ ಬಗ್ಗಿದೆ.

"ತಡೀರಿ ಮೇಸ್ತ್ರೀ" ಎಂದಳು. "ಏನೇನಿದೆ ಅಂತ ಹೇಳಿಬಿಡ್ತೀನಿ. ಅಕ್ಕಿ. ತೊಗರಿಬೇಳೆ. ಬಾಳೆಕಾಯಿ. ಕಾಯಿತುರಿ. ಮೆಣಸು. ಉಪ್ಪು. ಅಷ್ಟೇ. ಈಗ ಉಣ್ಣಿ."